ನೇರಪ್ರಸಾರದ ಟ್ರಾನ್ಸ್‌ಕೋಡಿಂಗ್‌ನಲ್ಲಿ ಚಿತ್ರಕ್ಕೆ ಧ್ವನಿ ಹೊಂದದಿದ್ದಾಗ: ತಪ್ಪನ್ನು ಹುಡುಕಿ ತಿದ್ದುವ ಕ್ರಮ

ವಾರ್ತೆ ಓದುವವರ ತುಟಿಗೂ ಮಾತಿಗೂ ಸ್ವಲ್ಪ ಅಂತರವಿದ್ದರೆ ಹೆಚ್ಚಿನವರು ಸುಮ್ಮನಿರುತ್ತಾರೆ. ಯಕ್ಷಗಾನದ ನೇರಪ್ರಸಾರದಲ್ಲಿ ಮಾತ್ರ ಆ ರಿಯಾಯಿತಿ ಸಿಗುವುದಿಲ್ಲ. ಕೋಲು ಚೆಂಡೆಗೆ ತಾಗುವ ಮೊದಲೇ ಪೆಟ್ಟು ಕೇಳಿಸಿದರೆ, ಅಥವಾ ವೇಷಧಾರಿಯ ಹೆಜ್ಜೆ ಮುಗಿದ ಮೇಲೆ ಬಿಡ್ತಿಗೆ ಎಂಬ ಬಡಿತ ಬಂದರೆ, ಮಂಗಳೂರಿನಿಂದ ಕುಂದಾಪುರದವರೆಗಿನ ವೀಕ್ಷಕರ ಫೋನ್ ಕರೆಗಳು ನಿಯಂತ್ರಣ ಕೊಠಡಿಗೆ ಬರತೊಡಗುತ್ತವೆ. ಸ್ಥಳೀಯ ವಾಹಿನಿಗಳಲ್ಲಿ, ದೇವಸ್ಥಾನಗಳ ಅಂತರ್ಜಾಲ ಪ್ರಸಾರದಲ್ಲಿ, ಕೇಬಲ್ ಕೊಠಡಿಗಳಲ್ಲಿ ಈ ಕೆಲಸ ಮಾಡುವವರಿಗಾಗಿ ಈ ಲೇಖನವನ್ನು ಬರೆದಿದ್ದೇನೆ. ಸ್ವಂತ ವಾಹಿನಿಯ ಅಥವಾ ಮರುಪ್ರಸಾರದ ಹಕ್ಕು ಪಡೆದ ಸ್ಟ್ರೀಮ್ ನಿಮ್ಮ ಕೈಯಲ್ಲಿದೆ, ಅದನ್ನು ಎಫ್‌ಎಫ್‌ಎಂಪೆಗ್ ಎಂಬ ಉಚಿತ ತಂತ್ರಾಂಶ ಅಥವಾ ಅದನ್ನು ಒಳಗಿಟ್ಟುಕೊಂಡ ಯಾವುದೋ ತಂತ್ರಾಂಶದ ಮೂಲಕ ಟ್ರಾನ್ಸ್‌ಕೋಡ್ ಮಾಡುತ್ತಿದ್ದೀರಿ, ಅಂದರೆ ಬೇರೊಂದು ರೂಪಕ್ಕೆ ಬದಲಿಸಿ ಕಳಿಸುತ್ತಿದ್ದೀರಿ ಎಂದು ಭಾವಿಸಿಕೊಂಡಿದ್ದೇನೆ.

ಮೊದಲಿಗೆ ನನ್ನದೇ ತಪ್ಪೊಂದನ್ನು ಹೇಳುತ್ತೇನೆ. ಇಡೀ ರಾತ್ರಿಯ ಒಂದು ಯಕ್ಷಗಾನ ಆಟದ ಪ್ರಸಾರದಲ್ಲಿ, ರಾತ್ರಿ ಹತ್ತರ ಸುಮಾರಿಗೆ ಧ್ವನಿ ಕೊಂಚ ಹೊಂದುತ್ತಿಲ್ಲವೆಂದು ಕಂಡು, ವಿಳಂಬದ ಗುಂಡಿಯನ್ನು ಕಿವಿಯ ಅಂದಾಜಿನಲ್ಲಿ ತಿರುಗಿಸಿ ಸರಿಮಾಡಿದೆ. ಒಂದು ಗಂಟೆಗೆ ಮತ್ತೆ ತಪ್ಪಿತು, ಮತ್ತೆ ತಿರುಗಿಸಿದೆ. ಮೂರು ಗಂಟೆಗೆ ಇನ್ನೊಮ್ಮೆ. ಬೆಳಗಿನ ಮಂಗಳದ ಹೊತ್ತಿಗೆ ಗುಂಡಿಯ ಅಂಕಿ ಒಂದು ಸೆಕೆಂಡನ್ನು ದಾಟಿತ್ತು, ಕಾರಣ ಮಾತ್ರ ನನಗೆ ತಿಳಿದಿರಲಿಲ್ಲ. ಅಂದಿನಿಂದ ನಾನು ಪಾಲಿಸುತ್ತ ಬಂದಿರುವ ನಿಯಮವೆಂದರೆ, ಎರಡು ಸಲ ಅಳೆಯದೆ ವಿಳಂಬದ ಗುಂಡಿಯನ್ನು ಮುಟ್ಟಬಾರದು. ಮುಂದಿನ ಹೆಜ್ಜೆಗಳೆಲ್ಲವೂ ಈ ನಿಯಮದ ಮೇಲೆಯೇ ನಿಂತಿವೆ.

ಮೊದಲ ಹೆಜ್ಜೆ: ಅಳೆಯಿರಿ

ಅಳೆಯುವ ಮುನ್ನ ನೀವು ಕೇಳುತ್ತಿರುವ ಸಾಧನವನ್ನೇ ಅನುಮಾನಿಸಿ. ಬ್ಲೂಟೂತ್ ಹೆಡ್‌ಫೋನ್ ತಾನಾಗಿಯೇ ನೂರು ಮಿಲಿಸೆಕೆಂಡಿಗಿಂತ ಹೆಚ್ಚು ವಿಳಂಬ ಸೇರಿಸುವುದು ಸಾಮಾನ್ಯ ಸಂಗತಿ. ಹೊಸ ಟಿವಿಗಳು ಚಿತ್ರವನ್ನು ಅಂದಗೊಳಿಸುವ ನೆಪದಲ್ಲಿ ಅದನ್ನು ತಡಮಾಡುತ್ತವೆ. ಆದ್ದರಿಂದ ತಂತಿಯ ಹೆಡ್‌ಫೋನ್ ಬಳಸಿ, ಸಾಧ್ಯವಿದ್ದರೆ ಟ್ರಾನ್ಸ್‌ಕೋಡರ್‌ಗೆ ಬರುವ ಸ್ಟ್ರೀಮನ್ನೂ ಅದರಿಂದ ಹೊರಡುವ ಸ್ಟ್ರೀಮನ್ನೂ ಎರಡೆರಡು ನಿಮಿಷ ರೆಕಾರ್ಡ್ ಮಾಡಿ, ವಿಡಿಯೊ ಸಂಕಲನದ ಯಾವುದಾದರೂ ತಂತ್ರಾಂಶದಲ್ಲಿ ತೆರೆದು ನೋಡಿ. ಕಣ್ಣು ಕಿವಿಗಳ ಅಂದಾಜು ಇಲ್ಲಿ ಸಾಲದು, ಫ್ರೇಮ್ ಎಣಿಸಬೇಕು.

ಎಣಿಸಲು ಒಂದು ಗುರುತು ಬೇಕಲ್ಲವೇ? ಸ್ಟುಡಿಯೊದಲ್ಲಿ ಕ್ಯಾಮೆರಾ ಎದುರು ಒಮ್ಮೆ ಚಪ್ಪಾಳೆ ತಟ್ಟಿದರೆ ಸಾಕು. ಆಟದ ಪ್ರಸಾರದಲ್ಲಿ ಚೆಂಡೆಗಿಂತ ಒಳ್ಳೆಯ ಗುರುತು ಬೇರೆ ಇಲ್ಲ. ಅಬ್ಬರದ ಉರುಳಿಕೆಯನ್ನು ಬಿಟ್ಟು, ಪೆಟ್ಟುಗಳು ಬಿಡಿಬಿಡಿಯಾಗಿ ಬೀಳುವ ಜಾಗವನ್ನು ಆರಿಸಿಕೊಳ್ಳಿ. ಕೋಲು ಚರ್ಮಕ್ಕೆ ತಾಗಿದ ಫ್ರೇಮ್ ಯಾವುದು, ಧ್ವನಿಯ ರೇಖೆ ಥಟ್ಟನೆ ಮೇಲೇಳುವುದು ಎಲ್ಲಿ ಎಂಬುದನ್ನು ಬರೆದಿಟ್ಟುಕೊಳ್ಳಿ. ನಮ್ಮಲ್ಲಿ ಟಿವಿಯ ವೇಗ ಸೆಕೆಂಡಿಗೆ 25 ಫ್ರೇಮ್, ಅಂದರೆ ಒಂದು ಫ್ರೇಮ್ 40 ಮಿಲಿಸೆಕೆಂಡ್. ಹೀಗೆ ಎಣಿಸಿದ ಅಳತೆಯಲ್ಲಿ ಅದಕ್ಕಿಂತ ಸೂಕ್ಷ್ಮವಾದ ನಿಖರತೆಯನ್ನು ನಿರೀಕ್ಷಿಸಬಾರದು.

ಎಷ್ಟು ಅಂತರವನ್ನು ಸಹಿಸಬಹುದು ಎಂಬುದಕ್ಕೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ 1998ರ ಶಿಫಾರಸಿನಲ್ಲಿ ಅಂಕಿಗಳಿವೆ. ಅದರ ಪ್ರಕಾರ ಧ್ವನಿ ಚಿತ್ರಕ್ಕಿಂತ 45 ಮಿಲಿಸೆಕೆಂಡ್ ಮೊದಲು ಬಂದರೆ, ಅಥವಾ 125 ಮಿಲಿಸೆಕೆಂಡ್ ತಡವಾಗಿ ಬಂದರೆ, ನೋಡುವವರ ಗಮನಕ್ಕೆ ಬರುತ್ತದೆ. ಮೊದಲಾದರೆ 90, ತಡವಾದರೆ 185 ಮಿಲಿಸೆಕೆಂಡ್ ದಾಟಿದಾಗ ಅದು ಒಪ್ಪತಕ್ಕದ್ದಲ್ಲ. ತಡವಾದ ಧ್ವನಿಯನ್ನು ನಾವು ಇಷ್ಟು ಉದಾರವಾಗಿ ಸಹಿಸುವುದಕ್ಕೆ ಅಭ್ಯಾಸವೂ ಒಂದು ಕಾರಣವಿರಬೇಕು. ಗದ್ದೆಯಲ್ಲಿ ಹಾಕಿದ ರಂಗಸ್ಥಳದಿಂದ 30 ಮೀಟರ್ ಹಿಂದೆ ಕುಳಿತವರಿಗೆ, ನಡುವೆ ಧ್ವನಿವರ್ಧಕವಿಲ್ಲದಿದ್ದರೆ, ಚೆಂಡೆಯ ಸದ್ದು ಸುಮಾರು 90 ಮಿಲಿಸೆಕೆಂಡ್ ತಡವಾಗಿಯೇ ಮುಟ್ಟುತ್ತದೆ. ಕಣ್ಣಿಗಿಂತ ಮೊದಲು ಕಿವಿಗೆ ಬರುವ ಸದ್ದು ಮಾತ್ರ ಪ್ರಕೃತಿಯಲ್ಲಿಲ್ಲ.

ಕಂಬಳ ಪ್ರಸಾರ ಮಾಡುವವರು ಇಲ್ಲೊಂದು ಎಚ್ಚರ ವಹಿಸಬೇಕು. ಕೋಣಗಳು ಓಡುವ ಕರೆಯ ಉದ್ದ ನೂರು ಮೀಟರಿಗೂ ಮಿಕ್ಕಿರುತ್ತದೆ. ಓಟ ಮುಗಿಯುವ ಮಂಜೊಟ್ಟಿಯ ಬಳಿ ನೆಟ್ಟ ಮೈಕಿಗೆ ನೂರು ಮೀಟರ್ ಆಚೆಯ ಕೂಗು ತಲುಪಲು ಸುಮಾರು 0.3 ಸೆಕೆಂಡ್ ಬೇಕು. ದೂರದರ್ಶಕದಂತಹ ಲೆನ್ಸ್ ಕೋಣಗಳನ್ನು ಕಣ್ಣೆದುರಿಗೇ ತಂದಿಟ್ಟಾಗ ಧ್ವನಿ ತಪ್ಪಿದಂತೆ ಕಾಣುತ್ತದೆ. ಅದು ಗಾಳಿಯ ವಿಳಂಬವೇ ಹೊರತು ಟ್ರಾನ್ಸ್‌ಕೋಡರ್‌ನ ತಪ್ಪಲ್ಲ. ಮೈಕನ್ನು ಸ್ಥಳಾಂತರಿಸುವುದೇ ಅದಕ್ಕಿರುವ ಪರಿಹಾರ.

ಮೊದಲ ಅಳತೆ ಮುಗಿದ ಮೇಲೆ ಏನನ್ನೂ ಬದಲಿಸದೆ ಒಂದು ಗಂಟೆ ಬಿಟ್ಟು ಮತ್ತೆ ಅಳೆಯಿರಿ. ಬಳಿಕ, ಪ್ರಸಾರಕ್ಕೆ ಧಕ್ಕೆಯಾಗದ ಹೊತ್ತು ನೋಡಿಕೊಂಡು, ಟ್ರಾನ್ಸ್‌ಕೋಡರನ್ನು ನಿಲ್ಲಿಸಿ, ಮತ್ತೆ ಆರಂಭಿಸಿ, ಮೂರನೆಯ ಸಲ ಅಳೆಯಿರಿ. ಮೂರೂ ಅಂಕಿಗಳು ಒಂದೇ ಆಗಿದ್ದರೆ ನಿಮ್ಮದು ಸ್ಥಿರ ಅಂತರ. ಮೊದಲೆರಡು ಒಂದೇ ಆಗಿದ್ದು ಮೂರನೆಯದು ಬೇರೆಯಾದರೆ ದೋಷ ಇರುವುದು ಆರಂಭದಲ್ಲಿ. ಎರಡನೆಯದು ಮೊದಲನೆಯದಕ್ಕಿಂತ ಬೇರೆಯಾಗಿದ್ದರೆ, ಒಂದೋ ಧ್ವನಿ ನಿಧಾನವಾಗಿ ಜಾರುತ್ತಿದೆ, ಇಲ್ಲವೇ ನಡುವೆ ಎಲ್ಲೋ ಜಿಗಿದಿದೆ. ಇವುಗಳ ಕಾರಣಗಳೂ ಬೇರೆ, ಮದ್ದುಗಳೂ ಬೇರೆ. ಮತ್ತೊಂದು ಮಾತು: ಒಳಬರುವ ಸ್ಟ್ರೀಮಿನ ರೆಕಾರ್ಡಿಂಗ್‌ನಲ್ಲಿಯೇ ಇದೇ ಅಂತರ ಕಂಡರೆ ಟ್ರಾನ್ಸ್‌ಕೋಡರನ್ನು ಬಿಟ್ಟು ಕ್ಯಾಮೆರಾ, ಮಿಕ್ಸರ್, ಕ್ಯಾಪ್ಚರ್ ಕಾರ್ಡ್‌ಗಳ ಕಡೆಗೆ ಹೋಗಿ.

ಟೈಮ್‌ಸ್ಟ್ಯಾಂಪ್ ಎಂಬ ಲೆಕ್ಕ

ತಿದ್ದುವ ಮೊದಲು ಚಿತ್ರ ಮತ್ತು ಧ್ವನಿ ಹೇಗೆ ಜೊತೆಯಾಗಿ ಸಾಗುತ್ತವೆ ಎಂಬುದನ್ನು ಸ್ವಲ್ಪ ತಿಳಿದುಕೊಳ್ಳಬೇಕು. ಟಿವಿ ಸ್ಟ್ರೀಮಿನಲ್ಲಿ ಎಲ್ಲವೂ 188 ಬೈಟಿನ ಪ್ಯಾಕೆಟ್‌ಗಳಾಗಿ ಬರುತ್ತದೆ. ಚಿತ್ರದ ಮತ್ತು ಧ್ವನಿಯ ಘಟಕಗಳಿಗೆ ‘ಇದನ್ನು ಈ ಹೊತ್ತಿಗೆ ತೋರಿಸು, ಇದನ್ನು ಈ ಹೊತ್ತಿಗೆ ಕೇಳಿಸು’ ಎಂದು ಹೇಳುವ ಪಿಟಿಎಸ್ ಎಂಬ ಅಂಕಿ, ಅಂದರೆ ಟೈಮ್‌ಸ್ಟ್ಯಾಂಪ್, ಅಂಟಿಕೊಂಡಿರುತ್ತದೆ. ಇದರ ಗಡಿಯಾರ ಸೆಕೆಂಡಿಗೆ 90,000 ಸಲ ಮಿಡಿಯುತ್ತದೆ. ಹಾಗಾಗಿ 25 ಫ್ರೇಮಿನ ಚಿತ್ರದಲ್ಲಿ ಒಂದು ಫ್ರೇಮಿನಿಂದ ಇನ್ನೊಂದಕ್ಕೆ ಅಂಕಿ 3,600ರಷ್ಟು ಏರಬೇಕು. 48 ಕಿಲೋಹರ್ಟ್ಜ್‌ನ ಎಎಸಿ ಎಂಬ ರೂಪದ ಧ್ವನಿಯಲ್ಲಿ ಒಂದು ಫ್ರೇಮಿಗೆ 1,024 ಸ್ಯಾಂಪಲ್ ಇರುವುದರಿಂದ 1,920ರಷ್ಟು, ಎಂಪೆಗ್ ಎರಡನೇ ಲೇಯರ್ ಧ್ವನಿಯಲ್ಲಿ 1,152 ಸ್ಯಾಂಪಲ್ ಇರುವುದರಿಂದ 2,160ರಷ್ಟು ಏರಬೇಕು. ಎಫ್‌ಎಫ್‌ಎಂಪೆಗ್ ಜೊತೆಗೆ ಬರುವ ಎಫ್‌ಎಫ್‌ಪ್ರೋಬ್‌ನಲ್ಲಿ ಪ್ಯಾಕೆಟ್‌ಗಳ ಪಟ್ಟಿಯನ್ನು ತೆಗೆಸಿ ಈ ಏರಿಕೆಯನ್ನು ಒಮ್ಮೆ ಕಣ್ಣಾರೆ ನೋಡಿ. ಚಿತ್ರದಲ್ಲಿ ಬಿ-ಫ್ರೇಮ್‌ಗಳಿದ್ದರೆ (ಮುಂದಿನ ಫ್ರೇಮನ್ನೂ ಆಧರಿಸಿದ ಫ್ರೇಮ್‌ಗಳು) ಪ್ಯಾಕೆಟ್‌ಗಳು ಬರುವ ಕ್ರಮ ಮತ್ತು ತೋರಿಸುವ ಕ್ರಮ ಬೇರೆಬೇರೆಯಾಗಿರುವುದರಿಂದ ಪಿಟಿಎಸ್ ಹಿಂದೆಮುಂದೆ ಜಿಗಿಯುತ್ತಿರುವಂತೆ ಕಾಣುತ್ತದೆ, ಅದು ದೋಷವಲ್ಲ; ಅಲ್ಲಿ ಸಮನಾಗಿ ಏರಬೇಕಾದದ್ದು ಡಿಟಿಎಸ್, ಅಂದರೆ ಫ್ರೇಮನ್ನು ಬಿಡಿಸಬೇಕಾದ ಹೊತ್ತಿನ ಅಂಕಿ.

ಈ ಅಂಕಿಗಳು ಉಳಿದಿರುವವರೆಗೆ ಚಿತ್ರ ಮತ್ತು ಧ್ವನಿ ಎಷ್ಟೇ ಹಿಂದುಮುಂದಾಗಿ ಬಂದರೂ ಪ್ಲೇಯರ್ ಅವನ್ನು ಜೋಡಿಸಿಕೊಳ್ಳುತ್ತದೆ. ನಾನು ಕಂಡ ಹೆಚ್ಚಿನ ತೊಂದರೆಗಳು ಹುಟ್ಟಿದ್ದು ಸರಪಳಿಯಲ್ಲಿ ಯಾರೋ ಒಬ್ಬರು ಈ ಅಂಕಿಗಳನ್ನು ಎಸೆದು ತಮ್ಮದೇ ಎಣಿಕೆಯನ್ನು ಶುರುಮಾಡಿದ ಜಾಗದಲ್ಲಿ.

ಪ್ರತಿ ಸಲ ಆರಂಭಿಸಿದಾಗಲೂ ಬೇರೆ ಅಂತರ

ಕೇಬಲ್ ಕೊಠಡಿಗಳಲ್ಲಿ ಇದು ಬಹಳ ಕಾಣಸಿಗುವ ರೋಗ. ವಿದ್ಯುತ್ ಹೋಗಿ ಬಂದ ಮೇಲೆ ನಿನ್ನೆ ಸರಿಯಿದ್ದದ್ದು ಇಂದು 400 ಮಿಲಿಸೆಕೆಂಡ್ ತಪ್ಪಿರುತ್ತದೆ, ನಾಳೆ ಇನ್ನೊಂದು ಅಂಕಿ. ಓಡುತ್ತಿರುವ ಸ್ಟ್ರೀಮಿಗೆ ನಡುವಿನಲ್ಲಿ ಹತ್ತಿಕೊಂಡಾಗ ಧ್ವನಿಯನ್ನು ತಕ್ಷಣ ಬಿಡಿಸಬಹುದು. ಚಿತ್ರಕ್ಕೆ ಮಾತ್ರ ಮುಂದಿನ ಕೀಫ್ರೇಮ್, ಅಂದರೆ ಬೇರೆ ಫ್ರೇಮಿನ ನೆರವಿಲ್ಲದೆ ಬಿಡಿಸಬಹುದಾದ ಪೂರ್ಣ ಫ್ರೇಮ್, ಬರುವವರೆಗೆ ಕಾಯಬೇಕು. ಕೀಫ್ರೇಮ್ ಎರಡು ಸೆಕೆಂಡಿಗೊಮ್ಮೆ ಬರುವುದಾದರೆ ಆ ಕಾಯುವಿಕೆ ಶೂನ್ಯದಿಂದ ಎರಡು ಸೆಕೆಂಡಿನವರೆಗೆ ಎಷ್ಟೂ ಆಗಬಹುದು. ಚಿತ್ರದ ಮೊದಲ ಫ್ರೇಮನ್ನೂ ಧ್ವನಿಯ ಮೊದಲ ಫ್ರೇಮನ್ನೂ ಬೇರೆಬೇರೆಯಾಗಿ ಶೂನ್ಯಕ್ಕೆ ತಂದು ಕೂರಿಸುವ ಯಾವುದೇ ವ್ಯವಸ್ಥೆಯಲ್ಲಿ ಈ ಕಾಯುವಿಕೆಯೇ ಅಂತರವಾಗಿ ಉಳಿದುಬಿಡುತ್ತದೆ.

ಮೊದಲು ನಿಮ್ಮ ಫಿಲ್ಟರ್ ಸಾಲನ್ನು ಪರಿಶೀಲಿಸಿ. ಚಿತ್ರಕ್ಕೂ ಧ್ವನಿಗೂ ಪ್ರತ್ಯೇಕವಾಗಿ ಪಿಟಿಎಸ್ಸನ್ನು ಶೂನ್ಯದಿಂದ ಆರಂಭಿಸುವ ಫಿಲ್ಟರ್‌ಗಳನ್ನು ಯಾರಾದರೂ ಹಾಕಿದ್ದರೆ ತೆಗೆಯಿರಿ. ಕಡತಗಳ ಸಂಕಲನದಲ್ಲಿ ಉಪಯೋಗಕ್ಕೆ ಬರುವ ಈ ಸಾಲನ್ನು ನೇರಪ್ರಸಾರಕ್ಕೂ ನಕಲು ಮಾಡಿಕೊಂಡವರನ್ನು ನಾನು ಬಹಳ ಕಂಡಿದ್ದೇನೆ. ಎರಡನೆಯದಾಗಿ, ಗೋಡೆ ಗಡಿಯಾರದ ಸಮಯವನ್ನೇ ಟೈಮ್‌ಸ್ಟ್ಯಾಂಪ್ ಆಗಿ ಬಳಸುವ ಆಯ್ಕೆ ಚಾಲೂ ಇದೆಯೇ ನೋಡಿ. ಟೈಮ್‌ಸ್ಟ್ಯಾಂಪ್ ಸರಿಯಾಗಿ ಕೊಡದ ಕೆಲವು ಐಪಿ ಕ್ಯಾಮೆರಾಗಳಿಗೆ ಅದು ಬೇಕಾಗುತ್ತದೆ, ಟಿವಿ ಸ್ಟ್ರೀಮಿಗೆ ಅದು ವಿಷ. ಟಿವಿ ಸ್ಟ್ರೀಮಿನಲ್ಲಿ ಒಂದೇ ಕ್ಷಣಕ್ಕೆ ಸೇರಿದ ಚಿತ್ರ ಮತ್ತು ಧ್ವನಿ ಒಟ್ಟಿಗೆ ಬರುವುದಿಲ್ಲ. ಡಿಕೋಡರ್‌ನ ಬಫರ್ ತುಂಬಿಕೊಳ್ಳಲೆಂದು ಚಿತ್ರವನ್ನು ಮುಂಚಿತವಾಗಿ ಕಳಿಸಿರುತ್ತಾರೆ. ಬಂದ ಹೊತ್ತನ್ನೇ ತೋರಿಸುವ ಹೊತ್ತೆಂದು ಮುದ್ರೆಯೊತ್ತಿದರೆ ಚಿತ್ರ ಮುಂದೋಡಿ ಧ್ವನಿ ತಡವಾಗುತ್ತದೆ.

ಇಷ್ಟಾದ ಮೇಲೆ ಧ್ವನಿಗೆ ಎ-ರೀಸ್ಯಾಂಪಲ್ ಫಿಲ್ಟರ್ ಹಾಕಿ ಅದರ ಅಸಿಂಕ್ ಆಯ್ಕೆಗೆ 1,000 ಎಂಬ ಬೆಲೆಯನ್ನು ಕೊಡಿ. ಬೆಲೆ 1 ಆಗಿದ್ದರೆ ಈ ಫಿಲ್ಟರ್ ಖಾಲಿ ಜಾಗಕ್ಕೆ ಮೌನ ತುಂಬುವುದು, ಹೆಚ್ಚಾದದ್ದನ್ನು ಕತ್ತರಿಸುವುದು ಇಷ್ಟನ್ನೇ ಮಾಡುತ್ತದೆ. ದೊಡ್ಡ ಬೆಲೆ ಕೊಟ್ಟರೆ, ಸೆಕೆಂಡಿಗೆ ಗರಿಷ್ಠ ಅಷ್ಟು ಸ್ಯಾಂಪಲ್‌ಗಳವರೆಗೆ ಧ್ವನಿಯನ್ನು ಹಿಗ್ಗಿಸಿ ಕುಗ್ಗಿಸಿ ಟೈಮ್‌ಸ್ಟ್ಯಾಂಪಿಗೆ ಹೊಂದಿಸುತ್ತದೆ. ಧ್ವನಿಯನ್ನು ಹಾಗೆಯೇ ನಕಲು ಮಾಡಿ ದಾಟಿಸುತ್ತಿದ್ದರೆ ಯಾವ ಫಿಲ್ಟರೂ ಕೆಲಸ ಮಾಡುವುದಿಲ್ಲ ಎಂಬುದನ್ನು ಮರೆಯಬಾರದು. ಪ್ರೊಸೆಸರ್ ಉಳಿಸಲೆಂದು ಧ್ವನಿಯನ್ನು ನಕಲು ಮಾಡುವವರಿದ್ದಾರೆ. ಚಿತ್ರದ ಎನ್‌ಕೋಡಿಂಗ್‌ಗೆ ಹೋಲಿಸಿದರೆ ಧ್ವನಿಯದ್ದು ಅತ್ಯಲ್ಪ ಹೊರೆ, ಆ ಉಳಿತಾಯಕ್ಕೆ ಅರ್ಥವಿಲ್ಲ.

ನಿಧಾನವಾಗಿ ಜಾರುವ ಧ್ವನಿ

ನನ್ನನ್ನು ಆ ರಾತ್ರಿ ಕಾಡಿದ್ದು ಇದೇ. ಚಿತ್ರ ಕ್ಯಾಮೆರಾದಿಂದ ಕ್ಯಾಪ್ಚರ್ ಕಾರ್ಡಿಗೂ, ಧ್ವನಿ ಮಿಕ್ಸರ್‌ನಿಂದ ಬೇರೊಂದು ಯುಎಸ್‌ಬಿ ಸಾಧನಕ್ಕೂ ಹೋಗುತ್ತಿತ್ತು. ಎರಡರೊಳಗೂ ಒಂದೊಂದು ಹರಳಿನ ಗಡಿಯಾರ. ಎರಡೂ ಒಂದೇ ವೇಗದಲ್ಲಿ ಮಿಡಿಯಬೇಕೆಂಬ ಕಟ್ಟಳೆಯಿಲ್ಲ. ಹತ್ತು ಲಕ್ಷದಲ್ಲಿ 50ರಷ್ಟು ವ್ಯತ್ಯಾಸವಿದ್ದರೆ ಗಂಟೆಗೆ 0.18 ಸೆಕೆಂಡ್, ಎಂಟು ಗಂಟೆಯ ಆಟಕ್ಕೆ 1.44 ಸೆಕೆಂಡ್. ಕಾಲಮಿತಿಯ ಪ್ರದರ್ಶನಗಳಲ್ಲಿ ಇದು ಯಾರ ಗಮನಕ್ಕೂ ಬಾರದೆ ಮುಗಿದುಹೋಗಬಹುದು, ಬೆಳಗಿನವರೆಗಿನ ಆಟದಲ್ಲಿ ಮುಚ್ಚಿಡಲಾಗದು. ಇದಕ್ಕೆ ಒಳ್ಳೆಯ ಪರಿಹಾರವೆಂದರೆ ಮಿಕ್ಸರ್‌ನ ಧ್ವನಿಯನ್ನು ಕ್ಯಾಮೆರಾಕ್ಕೇ ಕೊಟ್ಟು, ಚಿತ್ರ ಮತ್ತು ಧ್ವನಿ ಎರಡನ್ನೂ ಒಂದೇ ಎಚ್‌ಡಿಎಂಐ ಅಥವಾ ಎಸ್‌ಡಿಐ ತಂತಿಯಲ್ಲಿ ತರುವುದು. ಅದು ಸಾಧ್ಯವಾಗದಿದ್ದರೆ ಮೇಲೆ ಹೇಳಿದ ಎ-ರೀಸ್ಯಾಂಪಲ್ ಫಿಲ್ಟರೇ ಸಾಕು. ಇಷ್ಟು ಸಣ್ಣ ಹಿಗ್ಗುವಿಕೆ ಕುಗ್ಗುವಿಕೆ ಯಾವ ಭಾಗವತರ ಕಿವಿಗೂ ತಿಳಿಯುವುದಿಲ್ಲ.

ಜಾರುವಿಕೆ ಇದಕ್ಕಿಂತ ವೇಗವಾಗಿದ್ದರೆ ಅಂಕಿಯೇ ಕಾರಣವನ್ನು ಹೇಳಿಬಿಡುತ್ತದೆ. ಗಂಟೆಗೆ ಸುಮಾರು 3.6 ಸೆಕೆಂಡ್ ತಪ್ಪುತ್ತಿದ್ದರೆ, 29.97 ಫ್ರೇಮಿನ ಚಿತ್ರವನ್ನು ಎಲ್ಲೋ 30 ಎಂದು ನಮೂದಿಸಲಾಗಿದೆ. ಮೊಬೈಲ್ ಕ್ಯಾಮೆರಾಗಳನ್ನು ಎರಡನೆಯ, ಮೂರನೆಯ ಕೋನಕ್ಕೆ ಬಳಸುವಲ್ಲಿ ಇದು ಹೆಚ್ಚು. ಅವುಗಳ ಫ್ರೇಮ್ ವೇಗ ಬೆಳಕಿಗೆ ತಕ್ಕಂತೆ ಬದಲಾಗುತ್ತಲೂ ಇರುತ್ತದೆ. ಹೊರಡುವ ಚಿತ್ರಕ್ಕೆ ಸ್ಥಿರ ಫ್ರೇಮ್ ವೇಗವನ್ನು ಕಡ್ಡಾಯಗೊಳಿಸಿ, 25 ಎಂದು ನಿಗದಿಮಾಡಿ. ಎಫ್‌ಎಫ್‌ಎಂಪೆಗ್‌ನ ಹೊಸ ಆವೃತ್ತಿಗಳಲ್ಲಿ ಇದಕ್ಕೆ ಎಫ್‌ಪಿಎಸ್-ಮೋಡ್ ಎಂಬ ಆಯ್ಕೆಯಿದೆ. ಹಳೆಯ ಟಿಪ್ಪಣಿಗಳಲ್ಲಿ ಕಾಣುವ ವಿ-ಸಿಂಕ್ ಅದರ ಹಿಂದಿನ ಹೆಸರು. ಚಪ್ಪರದ ಟ್ಯೂಬ್‌ಲೈಟ್ ಚಿತ್ರದಲ್ಲಿ ಮಿನುಗುವ ಕಾಟವೂ ಕ್ಯಾಮೆರಾವನ್ನೇ 25ಕ್ಕೆ ಇಟ್ಟಾಗ ತಗ್ಗುತ್ತದೆ, ನಮ್ಮ ವಿದ್ಯುತ್ 50 ಹರ್ಟ್ಜ್ ತಾನೆ. ಇನ್ನು, ಒಂದೇ ನಿಮಿಷದಲ್ಲಿ ಐದು ಸೆಕೆಂಡಿನಷ್ಟು ತಪ್ಪಿ, ಭಾಗವತರ ಶ್ರುತಿಯೂ ಏರಿದಂತೆ ಕೇಳಿಸಿದರೆ, 44.1 ಕಿಲೋಹರ್ಟ್ಜ್ ಧ್ವನಿಯನ್ನು 48 ಎಂದು ಓದಲಾಗುತ್ತಿದೆ. ಇದನ್ನು ಹುಡುಕುವುದಕ್ಕೆ ಅಳತೆಯೇ ಬೇಡ.

ಇಂಟರ್‌ಲೇಸ್ ಆಗಿ (ಗೆರೆ ಬಿಟ್ಟು ಗೆರೆಯಾಗಿ) ಬರುವ ಚಿತ್ರವನ್ನು ಬಿಡಿಸುವಾಗ ಸೆಕೆಂಡಿಗೆ 25 ಫ್ರೇಮ್ ಬೇಕೋ 50 ಬೇಕೋ ಎಂಬುದನ್ನು ಫಿಲ್ಟರ್‌ಗೂ ಎನ್‌ಕೋಡರ್‌ಗೂ ಒಂದೇ ರೀತಿ ಹೇಳಿ.

ನಡುವೆ ಒಮ್ಮೆಗೇ ಜಿಗಿದಾಗ

ಕರಾವಳಿಯಲ್ಲಿ ಆಷಾಢದ ಮಳೆ ಸುರಿಯುವಾಗ ಉಪಗ್ರಹದ ಡಿಶ್‌ಗೆ ಸಿಗ್ನಲ್ ಕುಗ್ಗುವುದು ಎಲ್ಲರ ಅನುಭವ. ಕೆಯು ಬ್ಯಾಂಡ್‌ನಲ್ಲಿ ಇದು ಜಾಸ್ತಿ. ಪ್ಯಾಕೆಟ್‌ಗಳು ಕಳೆದುಹೋದಾಗ ಚಿತ್ರದಲ್ಲಿ ಚೌಕಗಳು ಮೂಡುತ್ತವೆ, ಧ್ವನಿಯಲ್ಲಿ ಒಂದು ತುಂಡು ಮಾಯವಾಗುತ್ತದೆ. ಹತ್ತು ಎಎಸಿ ಫ್ರೇಮ್ ಹೋದರೆ 213 ಮಿಲಿಸೆಕೆಂಡ್ ಧ್ವನಿ ಇಲ್ಲವಾಯಿತು. ಟೈಮ್‌ಸ್ಟ್ಯಾಂಪನ್ನು ನೋಡದೆ ಸ್ಯಾಂಪಲ್ ಎಣಿಸುತ್ತ ಹೋಗುವ ಟ್ರಾನ್ಸ್‌ಕೋಡರ್ ಉಳಿದ ಧ್ವನಿಯನ್ನು ಆ ಜಾಗಕ್ಕೆ ಎಳೆದುಕೊಂಡು ಅಂಟಿಸುತ್ತದೆ, ಅಲ್ಲಿಂದಾಚೆಗಿನ ಧ್ವನಿಯೆಲ್ಲ ಅಷ್ಟು ಮೊದಲು ಬರುತ್ತದೆ. ಮಳೆ ನಿಂತು ಚಿತ್ರ ಸ್ವಚ್ಛವಾದ ಮೇಲೂ ಆ ಅಂತರ ಹೋಗುವುದಿಲ್ಲ, ಮುಂದಿನ ಮಳೆಗೆ ಅದರ ಮೇಲೆ ಇನ್ನಷ್ಟು ಸೇರುತ್ತದೆ.

ಪ್ರತಿ ಪ್ಯಾಕೆಟಿನಲ್ಲಿಯೂ ಶೂನ್ಯದಿಂದ 15ರವರೆಗೆ ಸುತ್ತುವ ಒಂದು ಎಣಿಕೆ ಇರುತ್ತದೆ. ಟಿಎಸ್‌ಡಕ್ ಎಂಬ ಉಚಿತ ತಂತ್ರಾಂಶ ಈ ಎಣಿಕೆ ತಪ್ಪಿದ ಜಾಗಗಳನ್ನು ಪಟ್ಟಿಮಾಡಿ ಕೊಡುತ್ತದೆ. ಆ ಪಟ್ಟಿಯ ಸಮಯವನ್ನೂ ಧ್ವನಿ ಜಿಗಿದ ಸಮಯವನ್ನೂ ಹೊಂದಿಸಿ ನೋಡಿ. ಎರಡೂ ಕೂಡಿಬಂದರೆ ಡಿಶ್, ತಂತಿ, ಕನೆಕ್ಟರ್‌ಗಳ ದುರಸ್ತಿಯೇ ಮೊದಲ ಕೆಲಸ. ಉಪ್ಪುಗಾಳಿಯಲ್ಲಿ ಕನೆಕ್ಟರ್‌ಗಳು ಎಷ್ಟು ಬೇಗ ಹಸಿರುಗಟ್ಟುತ್ತವೆ ಎಂಬುದನ್ನು ಮಲ್ಪೆ, ಉಳ್ಳಾಲದ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ. ಎಷ್ಟೇ ದುರಸ್ತಿ ಮಾಡಿದರೂ ಮಳೆಯನ್ನು ತಡೆಯಲಾಗದ ಕಾರಣ ಎ-ರೀಸ್ಯಾಂಪಲ್ ಫಿಲ್ಟರ್ ಕಾವಲಿಗಿರಲಿ, ಕೆಟ್ಟ ಪ್ಯಾಕೆಟ್‌ಗಳನ್ನು ಕೈಬಿಡುವ ಆಯ್ಕೆಯೂ ಜೊತೆಗಿರಲಿ.

ಡಿಶ್‌ಗೆ ಸಂಬಂಧವಿಲ್ಲದ ಜಿಗಿತ ಕಂಡರೆ ಯಂತ್ರದ ಆಯಾಸವನ್ನು ನೋಡಿ. ಎಫ್‌ಎಫ್‌ಎಂಪೆಗ್ ತನ್ನ ಸ್ಥಿತಿಯ ಸಾಲಿನಲ್ಲಿ ವೇಗವನ್ನು ತೋರಿಸುತ್ತಿರುತ್ತದೆ. ನೇರಪ್ರಸಾರದಲ್ಲಿ ಅದು 1ರಲ್ಲಿ ನಿಲ್ಲಬೇಕು. 0.98ಕ್ಕೆ ಇಳಿದು ಅಲ್ಲೇ ಉಳಿದರೆ ಒಂದು ನಿಮಿಷಕ್ಕೆ 1.2 ಸೆಕೆಂಡಿನಷ್ಟು ಕೆಲಸ ಬಾಕಿ ಬೀಳುತ್ತದೆ, ಬಫರ್ ತುಂಬಿ ತುಳುಕಿ ಪ್ಯಾಕೆಟ್ ಚೆಲ್ಲುತ್ತದೆ. ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ, ಎಸಿ ಇಲ್ಲದ ವಾಹನದೊಳಗೆ ಲ್ಯಾಪ್‌ಟಾಪ್ ಇಟ್ಟು ಪ್ರಸಾರ ಮಾಡುವಾಗ ಪ್ರೊಸೆಸರ್ ಬಿಸಿಯಾಗಿ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಎನ್‌ಕೋಡಿಂಗ್‌ನ ಪ್ರಿಸೆಟ್ಟನ್ನು ಒಂದು ಮೆಟ್ಟಿಲು ವೇಗದ ಕಡೆಗೆ ಸರಿಸಿ, ಒಳಬರುವ ಪ್ಯಾಕೆಟ್‌ಗಳನ್ನು ಹಿಡಿದಿಡುವ ಯುಡಿಪಿ ಬಫರನ್ನು ದೊಡ್ಡದು ಮಾಡಿ, ಒಂದು ಫ್ಯಾನ್ ಇಡಿ.

ಬಹಳ ದೀರ್ಘ ಪ್ರಸಾರದಲ್ಲಿ ಮಾತ್ರ ಎದುರಾಗುವ ಇನ್ನೊಂದು ಜಿಗಿತವಿದೆ. ಪಿಟಿಎಸ್ 33 ಬಿಟ್‌ನ ಅಂಕಿಯಾದ್ದರಿಂದ 26 ಗಂಟೆ 30 ನಿಮಿಷಗಳಾದ ಮೇಲೆ ಮತ್ತೆ ಶೂನ್ಯಕ್ಕೆ ಮರಳುತ್ತದೆ. ಏಕಾಹ ಭಜನೆಯ 24 ಗಂಟೆಗಳು, ಎಣಿಕೆ ಶೂನ್ಯದಿಂದಲೇ ಶುರುವಾಗಿದ್ದರೆ, ಅದರೊಳಗೆ ಮುಗಿಯುತ್ತವೆ. ಸಪ್ತಾಹ ಭಜನೆಯ ಏಳು ದಿನಗಳಲ್ಲಿ ಕನಿಷ್ಠ ಆರು ಸಲ ಈ ಸುತ್ತು ಬರುತ್ತದೆ. ಎಫ್‌ಎಫ್‌ಎಂಪೆಗ್ ಸಾಮಾನ್ಯವಾಗಿ ಇದನ್ನು ತಾನೇ ನಿಭಾಯಿಸುತ್ತದೆ, ಆದರೆ ಒಂದು ಅಂಕಿಯಿಂದ ಇನ್ನೊಂದನ್ನು ಸುಮ್ಮನೆ ಕಳೆಯುವ ಸ್ವಂತ ಸ್ಕ್ರಿಪ್ಟ್‌ಗಳು ಎಡವುತ್ತವೆ. ಸಪ್ತಾಹದ ಪ್ರಸಾರವಿದ್ದರೆ ದಿನಕ್ಕೊಮ್ಮೆ, ವೀಕ್ಷಕರು ಕಡಿಮೆಯಿರುವ ಬೆಳಗಿನ ಜಾವದಲ್ಲಿ, ಟ್ರಾನ್ಸ್‌ಕೋಡರ್ ಮತ್ತು ಎನ್‌ಕೋಡರ್ ಎರಡನ್ನೂ ಯೋಜಿಸಿಕೊಂಡು ಮರುಆರಂಭಿಸುವುದು ನನ್ನ ರೂಢಿ.

ಉಳಿದ ಸ್ಥಿರ ಅಂತರ

ಇಷ್ಟೆಲ್ಲವನ್ನೂ ದಾಟಿ ಬಂದ ಮೇಲೆ, ಎಷ್ಟು ಸಲ ಅಳೆದರೂ ಬದಲಾಗದ ಒಂದು ಅಂತರ ಉಳಿದರೆ ಆಗ ವಿಳಂಬದ ಗುಂಡಿಯನ್ನು ಮುಟ್ಟಿ. ಧ್ವನಿ ಮೊದಲು ಬರುತ್ತಿದ್ದರೆ ಎ-ಡಿಲೇ ಫಿಲ್ಟರಿನಿಂದ ಅಷ್ಟು ಮಿಲಿಸೆಕೆಂಡ್ ಹಿಡಿದಿಡಿ. ಎ-ರೀಸ್ಯಾಂಪಲ್ ಇದ್ದರೆ ಇದು ಅದರ ನಂತರ ಬರಬೇಕು. ಓಬಿಎಸ್ ಎಂಬ ಪ್ರಸಾರ ತಂತ್ರಾಂಶ ಬಳಸುವವರಿಗೆ ಧ್ವನಿಯ ಸುಧಾರಿತ ಆಯ್ಕೆಗಳಲ್ಲಿ ಸಿಂಕ್ ಆಫ್‌ಸೆಟ್ ಎಂಬ ಅಂಕಣವಿದೆ. ಧ್ವನಿ ತಡವಾಗಿದ್ದರೆ, ನೇರಪ್ರಸಾರದಲ್ಲಿ ಇನ್ನೂ ಬಾರದ ಧ್ವನಿಯನ್ನು ಎಳೆದು ತರಲಾಗದು. ಚಿತ್ರವನ್ನೇ ಅಷ್ಟು ತಡಮಾಡಬೇಕು. ವಿಎಲ್‌ಸಿ ಪ್ಲೇಯರ್‌ನಲ್ಲಿ ಜೆ ಮತ್ತು ಕೆ ಕೀಲಿಗಳನ್ನು ಒತ್ತಿದರೆ ಧ್ವನಿ 50 ಮಿಲಿಸೆಕೆಂಡ್‌ಗಳ ಹೆಜ್ಜೆಯಲ್ಲಿ ಆಚೀಚೆ ಸರಿಯುತ್ತದೆ. ಬೇಕಾದ ಅಂಕಿಯನ್ನು ಮೊದಲು ಅಲ್ಲಿ ಗೊತ್ತುಮಾಡಿಕೊಂಡು ಬಳಿಕ ಟ್ರಾನ್ಸ್‌ಕೋಡರ್‌ಗೆ ಬರೆಯುವುದು ಸುಲಭ. 20–40 ಮಿಲಿಸೆಕೆಂಡಿನ ಅಂತರವಾದರೆ ಅದು ಎಎಸಿ ಎನ್‌ಕೋಡರ್ ಆರಂಭದಲ್ಲಿ ಸೇರಿಸುವ ಮೌನವೇ ಇರಬಹುದು, ಅದರ ಬೆನ್ನುಹತ್ತುವುದು ಬೇಡ.

ಈಗಾಗಲೇ ಜಾರಿಹೋದ ಹಳೆಯ ರೆಕಾರ್ಡಿಂಗ್‌ಗಳನ್ನೂ ಉಳಿಸಿಕೊಳ್ಳಬಹುದು. ಆರಂಭದ ಚೆಂಡೆಯಲ್ಲಿ ಅಂತರ ಶೂನ್ಯವಿದ್ದು, ಎಂಟು ಗಂಟೆಗಳ ಬಳಿಕ ಮಂಗಳದ ಪೆಟ್ಟಿನಲ್ಲಿ ಧ್ವನಿ 1.44 ಸೆಕೆಂಡ್ ತಡವಾಗಿದ್ದರೆ, 1.44ನ್ನು 28,800ರಿಂದ ಭಾಗಿಸಿ, 0.00005 ಬರುತ್ತದೆ. ಎ-ಟೆಂಪೊ ಫಿಲ್ಟರ್‌ಗೆ 1.00005 ಎಂದು ಕೊಟ್ಟರೆ ಧ್ವನಿ ಅಷ್ಟೇ ವೇಗಗೊಂಡು ಕೊನೆಯ ಪೆಟ್ಟಿಗೆ ಸರಿಯಾಗಿ ಬಂದು ನಿಲ್ಲುತ್ತದೆ. ಹಾಗೆ ಮಾಡಿದ ಮೇಲೆ ನಡುರಾತ್ರಿಯ ಒಂದು ಪದ್ಯವನ್ನು ತೆರೆದು ಅಲ್ಲಿಯೂ ಎಣಿಸಿ ನೋಡಿ. ಎರಡು ತುದಿಗಳು ಹೊಂದಿಯೂ ನಡುವೆ ಹೊಂದದಿದ್ದರೆ ಅದು ಜಾರಿದ್ದಲ್ಲ, ಜಿಗಿದದ್ದು. ಜಿಗಿದ ಜಾಗವನ್ನು ಹುಡುಕಿ ಕಡತವನ್ನು ಅಲ್ಲಿ ಎರಡಾಗಿ ಕತ್ತರಿಸಿ, ಎರಡನೆಯ ತುಂಡನ್ನು ಮಾತ್ರ ಸರಿಸಬೇಕು.